ಸಂತೆ ಕೋಳಿಯನ್ನು ಸೀದಾ ಗೂಡಿಗೆ ಬಿಡಬೇಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹೊಸತೊಡಕಿಗೆ ಮುಂಚೆ ಸಂತೆಯಿಂದ ಆರು ಯಾಟೆ ತಂದು ಮನೆ ಕೋಳಿಗಳ ಜೊತೆ ಬಿಟ್ಟೆ. ಎಂಟನೇ ದಿನ ಒಂದು ತೂಕಡಿಸಿತು, ಹಸಿರು ಹಿಕ್ಕೆ ಹಾಕಿತು, ಕತ್ತು ತಿರುಚಿಕೊಂಡು ಬಿತ್ತು. ಇಪ್ಪತ್ತರಲ್ಲಿ ಈಗ ಐದು ಉಳಿದಿವೆ, ನೋಡೋಕೆ ಚೆನ್ನಾಗಿವೆ. ಪಕ್ಕದ ಮನೆಯವರು ‘ಇವೂ ಸಾಯೋ ಮುಂಚೆ ಸಂತೆಗೆ ಹಾಕಿಬಿಡು’ ಅಂತಾರೆ. ಏನು ಮಾಡಲಿ?
– ಓದುಗರು, ಮುಳಬಾಗಿಲು ತಾಲ್ಲೂಕು

ಉತ್ತರ: ಮಾರಬೇಡಿ. ನಿಮ್ಮ ಮನೆಗೆ ಆ ಆರು ಯಾಟೆ ಬಂದಿದ್ದೂ ಬಹುಶಃ ಹೀಗೇ, ಪಕ್ಕದ ಮನೆಯವರ ಇದೇ ಮಾತು ಕೇಳಿದ ಯಾರದೋ ಅಂಗಳದಿಂದ.

ನೀವು ಹೇಳಿದ್ದು ನೋಡಿದರೆ ಕೊಕ್ಕರೆ ರೋಗದ ಹಾಗಿದೆ. ರಾಣಿಖೇತ್ ಅಂತಾರಲ್ಲ, ಅದೇ. ಪತ್ರ ಓದಿ ಖಚಿತ ಹೇಳೋಕಾಗಲ್ಲ. ಇನ್ನೊಂದು ಸತ್ತರೆ ತಡ ಮಾಡದೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಐಸ್ ಇಟ್ಟು ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಬೇಕಾದರೆ ಅವರೇ ಮುಂದಿನ ಪರೀಕ್ಷೆಗೆ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಗೆ ಕಳಿಸುತ್ತಾರೆ. ಇದು ವೈರಸ್ ಕಾಯಿಲೆ, ಬಂದಮೇಲೆ ಔಷಧಿ ಇಲ್ಲ. ಅಂಗಡಿಯವರು ಕೊಡುವ ಪುಡಿ ನೀರಿಗೆ ಹಾಕಿ ಸುಮ್ನೆ ದುಡ್ಡು ಕಳೀಬೇಡಿ. ಉಳಿದ ಐದು ಚೆನ್ನಾಗಿ ಕಂಡರೂ ಅವುಗಳ ಹಿಕ್ಕೆಯಲ್ಲಿ ವೈರಸ್ ಇರಬಹುದು, ಅದಕ್ಕೇ ಹೊರಗೆ ಬಿಡದೆ ಕೂಡಿಹಾಕಿ ಸಾಕಿ. ಸತ್ತಿದ್ದನ್ನು ಕೆರೆ ಏರಿ ಮೇಲೆ ಎಸೆಯದೆ, ನಾಯಿ ಕೆದಕದಷ್ಟು ಆಳದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ.

ಸೋಂಕು ತಗುಲಿದ ಕೋಳಿಯಲ್ಲಿ ಈ ರೋಗ ಕಾಣಿಸಿಕೊಳ್ಳೋಕೆ 2ರಿಂದ 15 ದಿನ ಹಿಡಿಯುತ್ತದೆ. ಅಂದರೆ ಸಂತೆಯಲ್ಲಿ ಕೂಗಾಡುತ್ತಾ ಜೋರಾಗಿದ್ದ ಕೋಳಿಯೇ ಮುಂದಿನ ವಾರ ನೆಲ ಹಿಡಿಯಬಹುದು, ಅದರಲ್ಲಿ ಮಾರಿದವನ ಮೋಸ ಇರಲೇಬೇಕು ಅಂತಿಲ್ಲ, ಅವನಿಗೂ ಗೊತ್ತಿರಲಿಕ್ಕಿಲ್ಲ. ಹಾಗಾಗಿ ಇನ್ಮುಂದೆ ಯಾವ ಕೋಳಿ ತಂದರೂ 21 ದಿನ ಮನೆಯ ಇನ್ನೊಂದು ಬದಿಯಲ್ಲಿ ಬೇರೆ ಇಡಿ. ನೀರಿನ ಬೋಗುಣಿಯೂ ಬೇರೆ ಇರಲಿ. ಮೊದಲು ಮನೆ ಕೋಳಿಗೆ ಮೇವು ಹಾಕಿ, ಆಮೇಲೆ ಹೊಸದಕ್ಕೆ, ಕೊನೆಗೆ ಕೈ ತೊಳೆಯಿರಿ, ಚಪ್ಪಲಿನೂ ತೊಳೆಯಿರಿ. ಚಪ್ಪಲಿ ವಿಷಯ ಹೇಳಿದರೆ ಎಲ್ಲರೂ ನಗ್ತಾರೆ. ಸಂತೆ ಮಾಳದ ಹಿಕ್ಕೆ ಮನೆಗೆ ಬರುವುದು ಅದರಲ್ಲೇ ಅಲ್ವಾ?

ಲಸಿಕೆ ಇದೆ. ಪಿಳ್ಳೆಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಹನಿ, ಸುಮಾರು ಎಂಟು ವಾರಕ್ಕೆ ಆರ್‌ಟುಬಿ ಅನ್ನುವ ಲಸಿಕೆಯ ಚುಚ್ಚುಮದ್ದು. ತೊಂದರೆ ಏನಪ್ಪಾ ಅಂದರೆ, ಸೀಸೆ ಬರುವುದು ನೂರಾರು ಕೋಳಿಗಾಗುವಷ್ಟು. ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿವರೆಗೂ ಐಸ್ ಮೇಲೇ ಇರಬೇಕು. ಹತ್ತು ಕೋಳಿ ಇರುವವರು ಒಬ್ಬರೇ ಹೋಗಿ ಕೇಳಿದರೆ ‘ನಾಳೆ ಬನ್ನಿ’ ಅನ್ನಿಸಿಕೊಳ್ಳೋದು ಇದಕ್ಕೇ. ಬೀದಿಯವರೆಲ್ಲ ಸೇರಿ ಕೋಳಿ ಎಣಿಸಿ, ದಿನ ಗೊತ್ತು ಮಾಡಿ, ಡಾಕ್ಟರನ್ನು ಕರೆಸಿ. ಕತ್ತಲಿರುವಾಗಲೇ ಬರಲಿ, ಗೂಡಿನಿಂದ ಆಚೆ ಬಿಟ್ಟಮೇಲೆ ನಾಟಿ ಕೋಳಿ ಯಾರ ಕೈಗೆ ಸಿಗುತ್ತೆ!

ಪ್ರಶ್ನೆ: ಸಂತೆಯಲ್ಲಿ ಕೋಳಿ ಆರಿಸುವುದು ಹೇಗೆ? ನಾಟಿ ಅಂತ ಗಿರಿರಾಜ ಕೊಟ್ಟರು.
– ಓದುಗರು, ಗುಬ್ಬಿ

ಉತ್ತರ: ಗಿರಿರಾಜ ಕೆಟ್ಟ ತಳಿಯಲ್ಲ, 1989ರಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಬಂದದ್ದು. ಆದರೆ ಕಾವು ಕೂರುವುದು ಅಪರೂಪ. ಮರಿ ಮಾಡಿಸಬೇಕು ಅಂತ ನಾಟಿ ಬೆಲೆ ಕೊಟ್ಟವರಿಗೆ ನಷ್ಟವೇ. ಮೈ ಭಾರ, ಕಾಲು ದಪ್ಪ ಇದ್ದರೆ ಅನುಮಾನ ಪಡಿ.

ಕಾಲು ಕಟ್ಟಿ ತಲೆಕೆಳಗೆ ಹಿಡಿದಿರುವಾಗ ಚೌಕಾಸಿ ಮಾಡಬೇಡಿ, ನೆಲಕ್ಕೆ ಬಿಡಿಸಿ ನೋಡಿ. ಕಣ್ಣು ಒದ್ದೆಯಿರಬಾರದು, ಮೂಗು ಸೋರಬಾರದು, ಹಿಂಭಾಗದ ಪುಕ್ಕಕ್ಕೆ ಹಿಕ್ಕೆ ಮೆತ್ತಿರಬಾರದು. ಕಿವಿ ಹತ್ತಿರ ಹಿಡಿದು ಉಸಿರು ಕೇಳಿ, ಗೊರಗೊರ ಅಂದರೆ ಬೇಡ. ಎದೆ ಮೂಳೆ ಚೂರಿಯ ಹಾಗೆ ಕೈಗೆ ಸಿಕ್ಕರೆ ಬಡಕಲು. ರೆಕ್ಕೆ ಎತ್ತಿ ಹೇನು ನೋಡಿ. ತೂಕಕ್ಕೆ ಕೊಳ್ಳುವಾಗ ಕತ್ತಿನ ಬುಡ ಮುಟ್ಟಿ ನೋಡಿ, ಬೆಳಗ್ಗೆಯೇ ಹೊಟ್ಟೆ ತುಂಬ ರಾಗಿ ತಿನ್ನಿಸಿದ್ದರೆ ಕೋಳಿ ಬೆಲೆಗೆ ರಾಗಿ ಕೊಂಡ ಹಾಗೆ. ನನಗೂ ಹೀಗೆ ಆಗಿದೆ, ಅದೂ ನಮ್ಮೂರಿನವರ ಹತ್ತಿರವೇ!

ಪ್ರಶ್ನೆ: ಅಮೆರಿಕದಲ್ಲಿ ಕೋಳಿ ಮಾರುವ ಜಾಗದಲ್ಲೇ ರಕ್ತ ಪರೀಕ್ಷೆ ಮಾಡ್ತಾರಂತೆ, ಅಲ್ಲಿರುವ ಮಗ ಹೇಳಿದ. ಇಲ್ಲಿ ಯಾಕಿಲ್ಲ?
– ಓದುಗರು, ಶಿಡ್ಲಘಟ್ಟ

ಉತ್ತರ: ಮಗ ಹೇಳಿದ್ದು ಪುಲ್ಲೋರಮ್ ಅನ್ನುವ ರೋಗದ ಪರೀಕ್ಷೆ. ರೆಕ್ಕೆಯ ನರದಿಂದ ಒಂದು ಹನಿ ರಕ್ತ ತೆಗೆದು, ಬಿಳಿ ಹಲಗೆ ಮೇಲೆ ಬಣ್ಣದ ದ್ರವದ ಹನಿ ಜೊತೆ ಕಲಸುತ್ತಾರೆ. ಎರಡು ನಿಮಿಷದೊಳಗೆ ಮೊಸರು ಒಡೆದ ಹಾಗೆ ಗಂಟುಗಂಟಾದರೆ ಸೋಂಕಿದೆ ಅಂತ. ಈ ರೋಗ ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಪಿಳ್ಳೆಗೆ ಹೋಗುತ್ತದೆ, ಪಿಳ್ಳೆಗಳು ಬಿಳಿ ಭೇದಿಯಾಗಿ ಸಾಯುತ್ತವೆ. ಮರಿ ಮಾಡಿ ಮಾರುವ ಕೇಂದ್ರಗಳಿಗೆ ಇದು ಬೇಕೇಬೇಕು, ಪಿಳ್ಳೆ ಕೊಳ್ಳುವಾಗ ಮಾಡಿಸಿದ್ದೀರಾ ಅಂತ ಕೇಳಿ. ಆದರೆ ಈ ಹನಿ ಕೊಕ್ಕರೆ ರೋಗವನ್ನು ತೋರಿಸಲ್ಲ. ಅಲ್ಲಿಯೂ ಪರೀಕ್ಷೆ ಮಾಡಿಸಿದ ಚೀಟಿ ಇದೆ ಅಂತ ಕೋಳಿಯನ್ನು ಸೀದಾ ಗೂಡಿಗೆ ಬಿಡುವುದು ತಪ್ಪೇ.

ಪ್ರಶ್ನೆ: ಹಕ್ಕಿ ಜ್ವರ ಮತ್ತೆ ಬಂದರೆ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: 2025ರ ಆರಂಭದಲ್ಲಿ ನಿಮ್ಮ ವರದಹಳ್ಳಿಯಲ್ಲೇ ಬಂದಿತ್ತಲ್ಲ. ಒಂದೇ ಸಲಕ್ಕೆ ಸುಮಾರು ಕೋಳಿ ಸತ್ತರೆ ಕುಯ್ಯಬೇಡಿ, ಪುಕ್ಕ ಕೀಳಬೇಡಿ, ಬರಿಗೈಲಿ ಮುಟ್ಟಬೇಡಿ, ಆಸ್ಪತ್ರೆಗೂ ಹೊತ್ತುಕೊಂಡು ಹೋಗಬೇಡಿ (ಮೇಲೆ ಒಯ್ಯಿರಿ ಅಂದದ್ದು ಒಂದೊಂದೇ ಸಾಯುವಾಗ). ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಅವರೇ ಬರಲಿ.