ಓದುಗರ ಪ್ರಶ್ನೆ: ಅರ್ಜಿಯನ್ನು ಯಂತ್ರ ತಿರಸ್ಕರಿಸಿದರೆ ಉತ್ತರ ಕೊಡಬೇಕಾದವರು ಯಾರು?

ಪ್ರಶ್ನೆ: ನನ್ನ ಮಗಳು ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ. ರಾತ್ರಿ ಹೊತ್ತು ಒಂದು ಕಂಪನಿಗೆ ಅರ್ಜಿ ಹಾಕಿದ ಕೆಲವೇ ನಿಮಿಷಗಳಲ್ಲಿ ತಿರಸ್ಕಾರದ ಇಮೇಲ್ ಬಂತು. ಅಷ್ಟು ಬೇಗ ಮನುಷ್ಯರಾರೂ ಅದನ್ನು ಓದಿರಲಾರರು. ಇಂಥ ಯಂತ್ರಗಳ ನಿರ್ಧಾರ ನ್ಯಾಯವಾಗಿದೆಯೇ ಎಂದು ಪರೀಕ್ಷಿಸುವ ತಜ್ಞರು ನಿಜವಾಗಿಯೂ ಇದ್ದಾರೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದ್ದಾರೆ. ಆದರೆ ಅವರು ಕಂಡುಹಿಡಿದ ತಪ್ಪನ್ನು ಸರಿಪಡಿಸಲೇಬೇಕೆಂದು ಕಂಪನಿಗಳನ್ನು ಕಟ್ಟಿಹಾಕುವ ಬಲ ಅವರ ಮಾತಿಗೆ ಎಷ್ಟಿದೆ ಎಂಬುದರ ಮೇಲೆ ನಿಮ್ಮ ಮಗಳಂಥವರಿಗೆ ಸಿಗುವ ನ್ಯಾಯ ನಿಂತಿದೆ.

ನೇಮಕಾತಿ ತಂತ್ರಾಂಶವು ಹಿಂದೆ ಆಯ್ಕೆಯಾದವರ ವಿವರಗಳಿಂದ ಕಲಿತು, ಅವರನ್ನು ಹೋಲುವ ಅರ್ಜಿಗಳಿಗೆ ಹೆಚ್ಚು ಅಂಕ ಕೊಡುತ್ತದೆ. ಹಿಂದಿನವರ ಆಯ್ಕೆಯಲ್ಲಿ ಪಕ್ಷಪಾತವಿದ್ದರೆ ಅದನ್ನೂ ಕಲಿಯುತ್ತದೆ. ಅಮೆಜಾನ್ ಕಂಪನಿ ರೂಪಿಸುತ್ತಿದ್ದ ಇಂಥದೊಂದು ತಂತ್ರಾಂಶವು, ಹತ್ತು ವರ್ಷಗಳಲ್ಲಿ ಬಂದ, ಬಹುಪಾಲು ಗಂಡಸರದ್ದೇ ಆದ ಅರ್ಜಿಗಳನ್ನು ನೋಡಿ ಕಲಿತಿದ್ದರಿಂದ, ಮಹಿಳೆಯರ ಸಂಘ ಅಥವಾ ಕಾಲೇಜಿನ ಉಲ್ಲೇಖವಿದ್ದ ಅರ್ಜಿಗಳ ಅಂಕ ಕಡಿತಗೊಳಿಸುತ್ತಿತ್ತೆಂದು 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ಆ ವೇಳೆಗಾಗಲೇ ಕಂಪನಿ ಯೋಜನೆಯನ್ನು ಕೈಬಿಟ್ಟಿತ್ತು. ಅದೇ ವರ್ಷ ಜಾಯ್ ಬುವೊಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು, ಮುಖ ನೋಡಿ ಗಂಡೋ ಹೆಣ್ಣೋ ಎಂದು ಗುರುತಿಸುವ ಮೂರು ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದರು. ಬಿಳಿಯ ಮೈಬಣ್ಣದ ಗಂಡಸರ ವಿಷಯದಲ್ಲಿ ತಪ್ಪಿನ ಪ್ರಮಾಣ ಹೆಚ್ಚೆಂದರೆ ಶೇ 0.8ರಷ್ಟಿದ್ದರೆ, ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಶೇ 34.7ರವರೆಗೂ ಹೋಗಿತ್ತು. ವಿಡಿಯೊ ಸಂದರ್ಶನದಲ್ಲಿ ಅಭ್ಯರ್ಥಿಯ ಮುಖಭಾವವನ್ನು ಯಂತ್ರ ಅಳೆಯುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಈ ಅಂಕಿಗಳಿಗಿಂತ ಗಟ್ಟಿಯಾದ ಎಚ್ಚರಿಕೆ ಬೇಕಿಲ್ಲವೆಂದು ನನಗನಿಸುತ್ತದೆ. ಇಂಥ ಸಂದರ್ಶನಗಳಿಗೆ ಹೆಸರಾದ ಹೈರ್‌ವ್ಯೂ ಕಂಪನಿ ಟೀಕೆಗಳ ನಂತರ ಮುಖದ ವಿಶ್ಲೇಷಣೆಯನ್ನು ಕೈಬಿಟ್ಟಿದ್ದಾಗಿ 2021ರಲ್ಲಿ ಹೇಳಿತು. ಕೆಲಸದ ಸ್ಥಳದಲ್ಲಿ ಯಂತ್ರದಿಂದ ಜನರ ಭಾವನೆಗಳನ್ನು ಊಹಿಸುವುದನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, ಐರೋಪ್ಯ ಒಕ್ಕೂಟ 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ.

ತಜ್ಞರು ಪಕ್ಷಪಾತವನ್ನು ಅಳೆಯುವ ಒಂದು ಸರಳ ಮಾನದಂಡ ಅಮೆರಿಕದಲ್ಲಿ 1978ರಿಂದಲೂ ಇದೆ. ಒಂದು ಗುಂಪಿನ ಆಯ್ಕೆಯ ಪ್ರಮಾಣವು, ಅತಿ ಹೆಚ್ಚು ಆಯ್ಕೆಯಾದ ಗುಂಪಿನ ಪ್ರಮಾಣದ ಐದರಲ್ಲಿ ನಾಲ್ಕು ಪಾಲಿಗಿಂತ ಕಡಿಮೆಯಿದ್ದರೆ ಅಲ್ಲಿ ತಾರತಮ್ಯವಿರಬಹುದೆಂದು ಶಂಕಿಸಬೇಕು. ನೂರು ಗಂಡಸರಲ್ಲಿ 50 ಮಂದಿಯೂ ನೂರು ಹೆಂಗಸರಲ್ಲಿ 35 ಮಂದಿಯೂ ಆಯ್ಕೆಯಾದರೆ ಅನುಪಾತ ಶೇ 70 ಆಗುತ್ತದೆ. ಅಂದರೆ ಕಾರಣ ಕೇಳಲೇಬೇಕು. ಇಂಥ ಲೆಕ್ಕವನ್ನು ಹೊರಗಿನ ಸ್ವತಂತ್ರ ಪರಿಶೋಧಕರಿಂದ ವರ್ಷಕ್ಕೊಮ್ಮೆ ಮಾಡಿಸಿ ಫಲಿತಾಂಶ ಪ್ರಕಟಿಸಬೇಕೆಂಬ ನಿಯಮವನ್ನು ನ್ಯೂಯಾರ್ಕ್ ನಗರವು 2023ರ ಜುಲೈನಿಂದ ಜಾರಿಗೊಳಿಸಿತು. ಆದರೆ ಮುಂದಿನ ವರ್ಷ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಪರಿಶೀಲಿಸಿದ 391 ಕಂಪನಿಗಳ ಪೈಕಿ ಪರಿಶೋಧನಾ ವರದಿ ಪ್ರಕಟಿಸಿದ್ದವು ಕೇವಲ 18. ತಮ್ಮ ತಂತ್ರಾಂಶ ನಿಯಮದ ವ್ಯಾಪ್ತಿಗೆ ಬರುತ್ತದೆಯೇ ಎಂದು ತೀರ್ಮಾನಿಸುವ ಸ್ವಾತಂತ್ರ್ಯವನ್ನು ಕಾನೂನು ಕಂಪನಿಗಳಿಗೇ ಬಿಟ್ಟಿದ್ದರಿಂದ ಹೀಗಾಯಿತು. ಪರೀಕ್ಷೆಗೆ ಒಳಪಡಬೇಕಾದವರೇ ಪರೀಕ್ಷೆ ಬೇಕೋ ಬೇಡವೋ ಎಂದು ನಿರ್ಧರಿಸುವುದಾದರೆ ಎಂಥ ನಿಪುಣ ಪರಿಶೋಧಕರಿದ್ದೂ ಪ್ರಯೋಜನವಿಲ್ಲ.

ನೇಮಕಾತಿ ತಂತ್ರಾಂಶಕ್ಕೆ ಇಂಥ ಪರಿಶೋಧನೆಯನ್ನು ಕಡ್ಡಾಯ ಮಾಡುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಆದರೂ ನಿಮ್ಮ ಮಗಳು ಆ ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ಬರೆದು, ನಿರ್ಧಾರ ಯಂತ್ರದ್ದೋ ಮನುಷ್ಯರದ್ದೋ ಎಂದು ಕೇಳಿ, ಸಿಬ್ಬಂದಿಯೊಬ್ಬರು ಅರ್ಜಿಯನ್ನು ಮತ್ತೆ ನೋಡಲಿ ಎಂದು ಕೋರಬಹುದು. ಉತ್ತರ ಬರುವ ಭರವಸೆಯನ್ನು ನಾನು ಕೊಡಲಾರೆ. ಆದರೆ ಯಾರೂ ಕೇಳದಿದ್ದರೆ ಕಂಪನಿಯೊಳಗಿನ ತಜ್ಞರಿಗೂ ತಪ್ಪು ನಡೆದದ್ದು ತಿಳಿಯುವುದಿಲ್ಲ.

ಪ್ರಶ್ನೆ: ನಾನು ಡೆಲಿವರಿ ಕೆಲಸ ಮಾಡುತ್ತೇನೆ. ಒಂದು ದಿನ ಆ್ಯಪ್ ಕಾರಣ ಹೇಳದೆ ನನ್ನ ಐಡಿ ಬ್ಲಾಕ್ ಮಾಡಿತು. ಯಾರನ್ನು ಕೇಳಬೇಕು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೇಳುವ ಹಕ್ಕು ನಿಮಗಿದೆ. ನಿಮ್ಮಂತೆ ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆಯ ಪ್ರಕಾರ, ಕಾರ್ಮಿಕರನ್ನು ಕೆಲಸದಿಂದ ತೆಗೆಯುವ ಮೊದಲು ಕಂಪನಿಯು ಲಿಖಿತ ಕಾರಣದೊಂದಿಗೆ 14 ದಿನಗಳ ನೋಟಿಸ್ ಕೊಡಬೇಕು. ಇನ್ನೊಬ್ಬರ ದೇಹಕ್ಕೆ ಹಾನಿಯಾಗುವಂಥ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ರೇಟಿಂಗ್, ಗಳಿಕೆ, ಕೆಲಸದ ಹಂಚಿಕೆಗಳ ಮೇಲೆ ಸ್ವಯಂಚಾಲಿತ ವ್ಯವಸ್ಥೆ ಹೇಗೆ ಪರಿಣಾಮ ಬೀರುತ್ತದೆಂದು ಕಾರ್ಮಿಕರಿಗೆ ತಿಳಿಸಬೇಕು ಎಂಬುದೂ ಅದರಲ್ಲಿದೆ. ಐಡಿ ಬ್ಲಾಕ್ ಆದ ಸಂದೇಶದ ಸ್ಕ್ರೀನ್‌ಶಾಟ್, ದಿನಾಂಕ, ಹಿಂದಿನ ಗಳಿಕೆಯ ವಿವರಗಳನ್ನು ಉಳಿಸಿಕೊಂಡು ಮೊದಲು ಕಂಪನಿಗೆ ಲಿಖಿತ ದೂರು ಕೊಡಿ, ಬಳಿಕ ಕಾರ್ಮಿಕ ಇಲಾಖೆಯನ್ನು ಸಂಪರ್ಕಿಸಿ.

ಪ್ರಶ್ನೆ: ನಾನು ಭಾಷಾವಿಜ್ಞಾನದ ವಿದ್ಯಾರ್ಥಿನಿ. ಯಂತ್ರಗಳ ನಿರ್ಧಾರ ನ್ಯಾಯವೇ ಎಂದು ಪರೀಕ್ಷಿಸುವ ಕ್ಷೇತ್ರದಲ್ಲಿ ಎಂಜಿನಿಯರಿಂಗ್ ಓದದವರಿಗೆ ಜಾಗವಿದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಇದೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಭಾರತೀಯ ಭಾಷೆಗಳ ತಂತ್ರಜ್ಞಾನಕ್ಕಾಗಿ ದುಡಿದ ಕಲಿಕಾ ಬಾಲಿ ಮೂಲತಃ ಭಾಷಾವಿಜ್ಞಾನಿ. ಬೀದರಿನ ಅಥವಾ ಕುಂದಾಪುರದ ಮಾತಿನ ಧಾಟಿಯನ್ನು ಯಂತ್ರ ತಪ್ಪಾಗಿ ಕೇಳಿಸಿಕೊಂಡರೆ ಫೋನ್ ಸಂದರ್ಶನದಲ್ಲಿ ಆ ಊರಿನವರು ಅಂಕ ಕಳೆದುಕೊಳ್ಳುವ ಸಾಧ್ಯತೆಯಿದ್ದು, ಆ ತಪ್ಪು ಎಲ್ಲಿ, ಏಕೆ ಆಗುತ್ತಿದೆಯೆಂದು ಹೇಳಬಲ್ಲವರು ನಿಮ್ಮಂತೆ ಭಾಷೆಯನ್ನು ಓದಿದವರು. ಇದರ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಕಾರ್ಮಿಕ ಕಾನೂನಿನ ಮೂಲಪಾಠಗಳನ್ನೂ ಕಲಿಯಿರಿ.