ಎಂ.ಟೆಕ್ ಸೇರಿದ ವಾರಕ್ಕೇ ಟಿಎ ಮಾಡಿದ್ದಾರೆ. ಪಾಠ ಹೇಳಿಕೊಡೋದನ್ನ ಎಲ್ಲಿ ಕಲಿಯೋದು?

ಗೇಟ್ ಪರೀಕ್ಷೆ ಬರೆದು ಐಐಟಿ ಸೇರಿದ್ದೀರಿ, ಮೊದಲ ವರ್ಷದ ಬಿ.ಟೆಕ್‌ನವರ ಬೇಸಿಕ್ ಎಲೆಕ್ಟ್ರಾನಿಕ್ಸ್ ಲ್ಯಾಬ್‌ಗೆ ಟಿಎ, ಅಂದರೆ ಪ್ರೊಫೆಸರ್‌ಗೆ ನೆರವಾಗುವ ಟೀಚಿಂಗ್ ಅಸಿಸ್ಟೆಂಟ್ ಆಗಿ ಹಾಕಿದ್ದಾರೆ. ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ, ಹುಡುಗರು ಕೇಳಿದ್ದು ನನಗೇ ಗೊತ್ತಿಲ್ಲದಿದ್ದರೆ ಏನು ಗತಿ ಅಂತ ಕೇಳಿದ್ದೀರಿ. ನಾನೂ ಇದೇ ದಾರಿಯಲ್ಲಿ ಬಂದವನು. ಎಂ.ಟೆಕ್‌ನಲ್ಲೂ ಟಿಎ, ಪಿಎಚ್.ಡಿ.ಯಲ್ಲೂ ಟಿಎ. ಎಂ.ಟೆಕ್‌ನಲ್ಲಿ ತಿಂಗಳಿಗೆ 12,400 ರೂಪಾಯಿ, ವಾರಕ್ಕೆ 8 ಗಂಟೆ ಕೆಲಸ ಅನ್ನುವ ಲೆಕ್ಕ ಬಿಟ್ಟರೆ ನನಗೂ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ.

ಮಾತಿನ ಭಯ ಬಿಡಿ. ಲ್ಯಾಬ್‌ನಲ್ಲಿ ಎಲ್ಲರ ಮುಂದೆ ನಿಂತು ಮಾತಾಡುವುದು ಶುರುವಿನ ಹತ್ತು ನಿಮಿಷ ಅಷ್ಟೇ. ಉಳಿದದ್ದೆಲ್ಲ ಟೇಬಲ್‌ನಿಂದ ಟೇಬಲ್‌ಗೆ ಓಡಾಟ. ಅಲ್ಲಿ ಕಲಿಯಬೇಕಾದ ಕಷ್ಟದ ವಿದ್ಯೆ ಒಂದೇ: ಹುಡುಗರ ಸರ್ಕ್ಯೂಟಿಗೆ ಕೈ ಹಾಕದೆ ಇರುವುದು.

ಬ್ರಿಡ್ಜ್ ರೆಕ್ಟಿಫೈಯರ್ ಪ್ರಯೋಗವನ್ನೇ ತಗೊಳ್ಳಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡ್ ಸೇರಿಸಿ, ಎಸಿಯ ಎರಡೂ ಅರ್ಧ ಸೈಕಲ್‌ಗಳನ್ನು (ಫುಲ್ ವೇವ್) ಡಿಸಿ ಮಾಡುವ ಸರ್ಕ್ಯೂಟ್ ಅದು. ಪ್ರತಿ ಬ್ಯಾಚ್‌ನಲ್ಲೂ ಯಾರಾದರೊಬ್ಬರು "ಸರ್, ಫುಲ್ ವೇವ್ ಬರ್ತಾ ಇಲ್ಲ, ಡಯೋಡ್ ಬೇರೆ ಸುಡ್ತಿದೆ" ಅಂತ ಕರೆಯುತ್ತಾರೆ. ಹೋಗಿ ನೋಡಿದರೆ ವೈರಿಂಗ್ ಸರಿಯಾಗೇ ಇರುತ್ತದೆ. ಇನ್‌ಪುಟ್, ಔಟ್‌ಪುಟ್ ಎರಡನ್ನೂ ಒಟ್ಟಿಗೆ ನೋಡೋಣ ಅಂತ ವೋಲ್ಟೇಜಿನ ಅಲೆ ತೋರಿಸುವ ಆಸಿಲೋಸ್ಕೋಪಿನ ಎರಡೂ ಪ್ರೋಬ್ ಹಾಕಿರುತ್ತಾರೆ. ಒಂದರ ಗ್ರೌಂಡ್ ಕ್ಲಿಪ್ ಟ್ರಾನ್ಸ್‌ಫಾರ್ಮರ್ ಕಡೆ, ಇನ್ನೊಂದರದ್ದು ಲೋಡಿನ ನೆಗೆಟಿವ್ ಕಡೆ. ಸ್ಕೋಪಿನೊಳಗೆ ಆ ಎರಡೂ ಕ್ಲಿಪ್ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಹಾಗಾಗಿ ಒಂದು ಡಯೋಡಿನ ಎರಡು ತುದಿ ಸೇರಿ ಅದು ಶಾರ್ಟ್ ಆಯಿತು. ಒಂದು ಅರ್ಧ ಸೈಕಲ್‌ನಲ್ಲಿ ಔಟ್‌ಪುಟ್ ಬರುತ್ತದೆ. ಇನ್ನೊಂದರಲ್ಲಿ ಅದರ ಪಕ್ಕದ ಡಯೋಡ್ ನೇರ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ (ಔಟ್‌ಪುಟ್ ಸುರುಳಿಗೆ) ಅಡ್ಡ ಬಿದ್ದು ಬಿಸಿಯೇರುತ್ತದೆ.

ನೀವು ಒಂದು ಕ್ಲಿಪ್ ಕಿತ್ತರೆ ಡಯೋಡ್ ತಣ್ಣಗಾಗುತ್ತದೆ, ಹುಡುಗ ಥ್ಯಾಂಕ್ಸ್ ಹೇಳುತ್ತಾನೆ, ಏನೂ ಕಲಿತಿರುವುದಿಲ್ಲ. ಅದರ ಬದಲು ಸಪ್ಲೈ ಆಫ್ ಮಾಡಿಸಿ. ಕ್ಲಿಪ್‌ಗಳನ್ನು ಸರ್ಕ್ಯೂಟಿನಿಂದ ಬಿಡಿಸಿ, ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ಎರಡು ತುದಿ ಸೇರಿಕೊಂಡಿದ್ದರೆ ಬೀಪ್ ಅನ್ನುವ ಸೆಟ್ಟಿಂಗಿಗೆ) ಹಾಕಿ, ಅವೆರಡರ ನಡುವೆ ಇಡು ಅಂತ ಅವನಿಗೇ ಹೇಳಿ. ಬೀಪ್ ಅನ್ನುತ್ತದೆ. ಆಮೇಲೆ "ಈಗ ನಿನ್ನ ಚಿತ್ರದಲ್ಲಿ ಈ ಎರಡು ಪಾಯಿಂಟ್ ಸೇರಿಸಿ ಗೆರೆ ಎಳಿ" ಅನ್ನಿ. ಅಷ್ಟು ಮಾಡಿ ಬಾಯಿ ಮುಚ್ಚಿಕೊಂಡು ನಿಲ್ಲಿ. ಇದಕ್ಕೆ ಐದು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಇನ್ನೂ ಮೂರು ಟೇಬಲ್‌ನವರು ಕರೆಯುತ್ತಿರುತ್ತಾರೆ. ಕಾಯಲಿ ಬಿಡಿ.

ಸುಮ್ನೆ ನಿಲ್ಲುವುದು ಅಂದೆನಲ್ಲ, ಅದೂ ಅಭ್ಯಾಸದಿಂದಲೇ ಬರಬೇಕು. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಶಾಲೆಗಳ ವಿಜ್ಞಾನ ತರಗತಿಗಳನ್ನು ರೆಕಾರ್ಡ್ ಮಾಡಿ ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಎಳೆದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡುವವರೂ ಜಾಸ್ತಿಯಾದರು. ಕಾಲೇಜಿನಲ್ಲೂ ನನ್ನ ಅನುಭವ ಇದೇ.

ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಬಾ ನೋಡೋಣ" ಅನ್ನಿ. ಆದರೆ ಹಿಂದಿನ ದಿನ ಅದೇ ಬೆಂಚಿನಲ್ಲಿ, ಅದೇ ಸಾಮಾನು ಇಟ್ಟುಕೊಂಡು ಪ್ರಯೋಗ ಮಾಡಿರಬೇಕು. ಮ್ಯಾನ್ಯುಯಲ್ ಓದಿದರೆ ಸಾಲದು. ಪ್ರೋಬ್ ಸಿಗ್ನಲನ್ನು ಹತ್ತನೇ ಒಂದಕ್ಕೆ ಇಳಿಸುವ 10ಎಕ್ಸ್‌ನಲ್ಲಿದ್ದು ಸ್ಕೋಪ್ ಚಾನೆಲ್ 1ಎಕ್ಸ್‌ನಲ್ಲಿದ್ದರೆ ವೋಲ್ಟೇಜ್ ಹತ್ತನೇ ಒಂದು ಭಾಗ ತೋರಿಸುತ್ತದೆ. ಬೆಸುಗೆ ಇಲ್ಲದೆ ಸರ್ಕ್ಯೂಟ್ ಕಟ್ಟುವ ಕೆಲವು ಬ್ರೆಡ್‌ಬೋರ್ಡುಗಳ ಪವರ್ ಸಾಲು ನಡುವೆ ಕಡಿದಿರುತ್ತದೆ. ಇಂಥವು ಕೈಯಲ್ಲಿ ಮಾಡಿದಾಗಲೇ ಸಿಗುವುದು.

ಇನ್ನೊಂದು ಮಾತು, ನೀವು ಕೇಳಿಲ್ಲ. ನಿಮ್ಮದು ಧಾರವಾಡದ ಐಐಟಿ ಆದರೆ ಬ್ಯಾಚ್‌ನಲ್ಲಿ ಕನ್ನಡ ಮೀಡಿಯಂನಿಂದ ಬಂದವರು ಇದ್ದೇ ಇರುತ್ತಾರೆ. ಅವರು ಎಲ್ಲರ ಮುಂದೆ ಡೌಟ್ ಕೇಳುವುದಿಲ್ಲ. ಅವರ ಟೇಬಲ್ ಹತ್ತಿರ ನಿಂತು ಕನ್ನಡದಲ್ಲೇ "ಏನ್ ಮಾಡ್ತಾ ಇದೀಯ, ಹೇಳು ನೋಡೋಣ" ಅಂದರೆ ಸರಾಗವಾಗಿ ವಿವರಿಸುತ್ತಾರೆ. ಆದರೆ ಅದೇ ಟೇಬಲಿನಲ್ಲಿ ಕನ್ನಡ ಬಾರದವರಿದ್ದರೆ ಅವರಿಗೂ ಮತ್ತೆ ಇಂಗ್ಲಿಷಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಪಕ್ಷಪಾತ ಅನ್ನಿಸುತ್ತದೆ.

ಮಾರ್ಕ್ಸ್ ಹಾಕುವಾಗ ಒಬ್ಬರ ಪೇಪರ್ ಪೂರ್ತಿ ಮುಗಿಸಿ ಇನ್ನೊಬ್ಬರದ್ದಕ್ಕೆ ಹೋಗಬೇಡಿ. ಎಲ್ಲರ ಒಂದನೇ ಪ್ರಶ್ನೆ ಮುಗಿಸಿ, ಆಮೇಲೆ ಎಲ್ಲರ ಎರಡನೆಯದು. ಯಾವ ಹೆಜ್ಜೆಗೆ ಎಷ್ಟು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಮೊದಲ ಹೆಜ್ಜೆಯ ಲೆಕ್ಕ ತಪ್ಪಿ ಮುಂದಿನ ದಾರಿ ಸರಿಯಿದ್ದರೆ ಎಷ್ಟು ಕಡಿಯಬೇಕು, ರೆಕಾರ್ಡ್ ತಡವಾಗಿ ತಂದರೆ ಏನು ಮಾಡಬೇಕು, ಲ್ಯಾಬ್ ತಪ್ಪಿಸಿಕೊಂಡವರಿಗೆ ಮತ್ತೆ ಯಾರು ಮಾಡಿಸಬೇಕು ಅನ್ನುವುದನ್ನು ಈ ವಾರವೇ ಪ್ರೊಫೆಸರ್ ಹತ್ತಿರ ಕೇಳಿ. ಆದರೆ ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಮಿಡ್‌ಸೆಮ್ (ಸೆಮಿಸ್ಟರ್ ನಡುವಿನ ಪರೀಕ್ಷೆ) ಆದ ಮೇಲೆ ಅರ್ಧ ಮಾರ್ಕಿಗೆ ಸಾಲು ನಿಲ್ಲುವುದು ನಿಮ್ಮ ಮುಂದೆಯೇ.