ಕವಳದ ಬಟ್ಟಲು ಅಡಗಿಸಿಟ್ಟರೆ ಗಂಡ ಕವಳ ಬಿಡುತ್ತಾರಾ?

ಬಿಡುವುದಿಲ್ಲ. ಕವಳ ಎಂದರೆ ನಮ್ಮ ಕಡೆ ಎಲೆಅಡಿಕೆ; ಅದರ ಬಟ್ಟಲನ್ನು ಅಡಗಿಸಿಟ್ಟು ನೋಡಿದವಳೇ ಹೇಳುತ್ತಿದ್ದೇನೆ.

ಶಿರಸಿ ಕಡೆಯ ಮನೆಗೆ ಮದುವೆಯಾಗಿ ಬಂದು ಎರಡು ವರ್ಷ, ಶರ್ಟು, ದಿಂಬು, ಬಚ್ಚಲ ಗೋಡೆ ಎಲ್ಲ ಕೆಂಪು, ಇದೇ ವಿಷಯಕ್ಕೆ ಮಾತು ಬಿಟ್ಟು ಹನ್ನೊಂದು ದಿನ ಎಂದು ಬರೆದಿದ್ದೀರಿ. ನನ್ನ ತವರು ಕುಮಟೆ. ಅಲ್ಲೂ ಕವಳ ಇತ್ತು, ಆದರೆ ಅದರ ಕಲೆ ತಿಕ್ಕುವ ಕೆಲಸ ಅಮ್ಮನದಾಗಿತ್ತು. ಇಲ್ಲಿಗೆ ಬಂದ ಮೇಲೆ ಅದು ನನ್ನ ಪಾಲಿಗೆ ಬಂತು. ಒಂದು ದಿನ ಸಿಟ್ಟು ನೆತ್ತಿಗೇರಿ ಬಟ್ಟಲು, ಅಡಕತ್ತರಿ, ಸುಣ್ಣದ ಡಬ್ಬಿ ಮೂರನ್ನೂ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಅತ್ತೆ ಮೊದಲೇ ಹೇಳಿದ್ದರು, "ಬಟ್ಲು ಮಾತ್ರ ಮುಟ್ಟಡ, ತಂಗಿ." ಮಗನ ಪರ ಮಾತಾಡುತ್ತಾರೆ ಅಂದುಕೊಂಡೆ.

ನಮ್ಮನೆಯವರು ಎರಡು ದಿನ "ಬಟ್ಲು ಎಲ್ಲಿಟ್ಯೆ?" ಎಂದು ಕೇಳಿದರು. ಮೂರನೇ ದಿನದಿಂದ ಕೇಳಲಿಲ್ಲ. ಶರ್ಟುಗಳು ಬೆಳ್ಳಗಾದವು. ನಾನು ತವರಿಗೆ ಫೋನು ಮಾಡಿ, ಬಿಡಿಸಿಬಿಟ್ಟೆ ಎಂದು ಜಂಬ ಕೊಚ್ಚಿಕೊಂಡೆ. ಹದಿನಾಲ್ಕು ತಿಂಗಳು ಹಾಗೇ ನಂಬಿದ್ದೆ.

ಎಲ್ಲಿ ಎಡವಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಟ್ಟಲಿನ ಕವಳಕ್ಕೆ ಕೂತು ಮಾಡುವ ಕೆಲಸ ಬಹಳ. ಎಲೆ ಒರೆಸಬೇಕು, ತೊಟ್ಟು ತುದಿ ಮುರಿಯಬೇಕು, ಬೆನ್ನಿನ ನಾರು ಎಳೆಯಬೇಕು, ಹೆಸರುಕಾಳಿನಷ್ಟು ಸುಣ್ಣ ಸವರಬೇಕು, ಒಣಗಿಸಿ ಸುಲಿದ ಚಾಲಿ ಅಡಿಕೆ ಕತ್ತರಿಸಬೇಕು. ನಾಲ್ಕು ನಿಮಿಷವಾದರೂ ಬೇಕು, ಅದೂ ಜಗಲಿಯಲ್ಲಿ, ಎಲ್ಲರ ಕಣ್ಣೆದುರು. ಹಾಗಾಗಿ ದಿನಕ್ಕೆ ಐದಾರಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಹೊಗೆಸೊಪ್ಪು ರಾತ್ರಿ ಊಟವಾದ ಮೇಲೆ ಮಾತ್ರ. ನಾನು ಅಟ್ಟಕ್ಕೇರಿಸಿದ್ದು ಬರೀ ಬಟ್ಟಲಲ್ಲ, ಆ ಲೆಕ್ಕವನ್ನೂ. ಇವರು ಪೇಟೆಯಲ್ಲಿ ಪೊಟ್ಟಣಕ್ಕೆ ಕೈಹಾಕಿದರು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲ ಒಂದು, ತಂಬಾಕು ಒಂದು, ಹೀಗೆ ಜೋಡಿ ಪೊಟ್ಟಣ ಸಿಗುತ್ತವಲ್ಲ, ಅದೇ. ಹರಿ, ಬೆರೆಸು, ಬಾಯಿಗೆ ಸುರಿ. ಎಲೆಯಿಲ್ಲ, ಬರೀ ಒಣ ಅಡಿಕೆ ಚೂರು, ಪ್ರತಿ ಸಲವೂ ತಂಬಾಕು. ಉಗುಳುವುದು ತೋಟದ ಕಾಲುವೆಗೆ, ಇಲ್ಲವೇ ಸ್ಕೂಟರ್ ನಿಲ್ಲಿಸಿ ರಸ್ತೆ ಬದಿಗೆ. ದಿನಕ್ಕೆ ಹನ್ನೆರಡು ಆಗಿತ್ತಂತೆ. ಬಟ್ಟೆಯ ಮೇಲೆ ಕಲೆಯೇ ಇಲ್ಲದಿದ್ದರೆ ನನಗೆ ಹೇಗೆ ಗೊತ್ತಾಗಬೇಕು?

ಗೊತ್ತಾದದ್ದು ಅಪ್ಪೆಮಿಡಿಯಿಂದ. ಉಪ್ಪಿನಕಾಯಿ ಇಲ್ಲದೆ ಉಣ್ಣದವರು ಖಾರ ಉರಿಯುತ್ತದೆ ಎಂದು ಎಲೆಯ ತುದಿಗೆ ಸರಿಸಿದರು. ದಂತವೈದ್ಯರು ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಲು ಹೇಳಿದರು. ಎರಡೇ ಹಿಡಿದವು. ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುತ್ತದೆ, ಕೆನ್ನೆ ಹಗ್ಗದ ಹಾಗೆ ಬಿಗಿಯುತ್ತದೆ. ಕ್ಯಾನ್ಸರಿಗೂ ತಿರುಗಬಹುದು. ಬೆಳೆದ ನಾರು ತಾನಾಗಿ ಕರಗುವುದಿಲ್ಲ. ಅಡಿಕೆ ನಿಲ್ಲಿಸಿ, ಬಾಯಿ ತೆರೆಯುವ ವ್ಯಾಯಾಮ ಮಾಡುತ್ತ, ಇದ್ದಷ್ಟನ್ನು ಉಳಿಸಿಕೊಳ್ಳಬೇಕು.

ಹಾಗಂತ ಮನೆಯ ಕವಳ ಒಳ್ಳೆಯದು ಎನ್ನುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತಂಬಾಕಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಾವು ಉಣ್ಣುವ ಅನ್ನ ಅಡಿಕೆಯದು. 2019ರಲ್ಲಿ ಶಿರಸಿ ಅಡಿಕೆಗೆ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ನಮ್ಮಲ್ಲೂ ಖುಷಿಪಟ್ಟಿದ್ದೆವು. ಆದರೂ ಇದನ್ನು ಮುಚ್ಚಿಟ್ಟು ಮಾತಾಡಲಾರೆ.

ಇನ್ನು ನಿಮ್ಮ ವಿಷಯ. ಎರಡು ಜಗಳಗಳನ್ನು ಒಂದಾಗಿ ಹೆಣೆದಿದ್ದೀರಿ. ಕಲೆಯದ್ದು ಬೇರೆ, ಬಾಯಿಯದ್ದು ಬೇರೆ.

ಕಲೆ ತೊಳೆಯುವುದನ್ನು ಇವತ್ತೇ ಅವರಿಗೆ ಒಪ್ಪಿಸಿ. ವಿಧಾನ ಮಾತ್ರ ಹೇಳಿಕೊಡಿ: ಹಸಿ ಕಲೆಗೆ ಮೊದಲು ಸೋಪು ಹಚ್ಚಬಾರದು. ಅಡಿಕೆಯ ಚೊಗರು ಸುಣ್ಣದ ಕ್ಷಾರ ಸೇರಿಯೇ ಕೆಂಪಾಗುವುದು, ಬಟ್ಟೆಸೋಪೂ ಕ್ಷಾರವೇ, ಕಲೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ತಣ್ಣೀರಲ್ಲಿ ಜಾಲಿಸಿ, ಲಿಂಬೆರಸವನ್ನೋ ಹುಳಿ ಮಜ್ಜಿಗೆಯನ್ನೋ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಸೋಪು. ಬಣ್ಣದ ಬಟ್ಟೆಯಾದರೆ ಒಳಅಂಚಿನಲ್ಲಿ ಮೊದಲು ಪರೀಕ್ಷಿಸಿ. ಬಚ್ಚಲ ಗೋಡೆಗೆ ಸುಣ್ಣದ ಮೇಲೆ ಸುಣ್ಣ ಬಳಿದು ಪ್ರಯೋಜನವಿಲ್ಲ, ಚೊಗರು ಒಸರಿಕೊಂಡು ಮೇಲೆ ಬರುತ್ತದೆ. ಕೆರೆದು, ಒಣಗಲು ಬಿಟ್ಟು, ಆಯಿಲ್ ಪ್ರೈಮರ್ ಒಂದು ಕೈ ಹೊಡೆದು ಬಣ್ಣ ಬಳಿಯಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಪೀಕದಾನಿಗೆ ಎರಡು ಮುಷ್ಟಿ ಬೂದಿ ಹಾಕಿಟ್ಟರೆ ಚೆಲ್ಲುವುದಿಲ್ಲ, ಖಾಲಿ ಮಾಡುವುದೂ ಅವರೇ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆದರಿಕೆಯಾದದ್ದು ದಿಂಬು. ದಿಂಬು ಕೆಂಪಾಗುತ್ತದೆ ಎಂದರೆ ಕವಳವನ್ನು ದವಡೆಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಾರೆ. ರಾತ್ರಿಯಿಡೀ ಒಂದೇ ಜಾಗಕ್ಕೆ ಒತ್ತಿಕೊಂಡಿರುತ್ತದೆ. ಶರ್ಟಿನ ಮಾತು ಬಿಟ್ಟು ಇದನ್ನು ಎತ್ತಿ. ಮಲಗುವ ಮೊದಲು ಬಾಯಿ ಮುಕ್ಕಳಿಸಿ ಹಲ್ಲುಜ್ಜುವುದು, ಆಮೇಲೆ ಹೊಗೆಸೊಪ್ಪು ಪೂರ್ತಿ ನಿಲ್ಲಿಸುವುದು, ಕೊನೆಗೆ ಅಡಿಕೆ. ಇವರು ನಡೆದದ್ದು ಈ ಕ್ರಮದಲ್ಲಿ. ಹೊಗೆಸೊಪ್ಪು ಬಿಟ್ಟ ಮೊದಲ ವಾರ ಸಿಡುಕು, ತಲೆನೋವು ಇದ್ದದ್ದೇ, ಆ ವಾರ ನೀವೂ ಲೆಕ್ಕ ಕೇಳಲು ಹೋಗಬೇಡಿ. 1800-112-356 ಸರ್ಕಾರದ ಉಚಿತ ಸಹಾಯವಾಣಿ, ತಂಬಾಕು ಬಿಡುವವರಿಗೆಂದೇ ಇರುವುದು. ಮೂರು ಬೆರಳಿನ ಪರೀಕ್ಷೆಯನ್ನು ಇವತ್ತು ರಾತ್ರಿಯೇ ಮಾಡಿಸಿ. ಬೆರಳು ಹಿಡಿಯದಿದ್ದರೆ, ಒಳಕೆನ್ನೆ ಬಿಳಿಚಿಕೊಂಡಿದ್ದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ನೇರ ದಂತವೈದ್ಯರಲ್ಲಿಗೆ.

ಯಕ್ಷಗಾನದ ರಾತ್ರಿಗಳನ್ನು ಮರೆಯಬೇಡಿ. ಬಿಟ್ಟವರು ಜಾರುವುದು ಅಲ್ಲೇ, ಪಕ್ಕದವರ ಸಂಚಿಯಿಂದ.

ನಮ್ಮ ಬಟ್ಟಲು ಅಟ್ಟದಿಂದ ಇಳಿದು ಈಗ ಜಗಲಿಯಲ್ಲಿದೆ, ಬಂದವರಿಗೆಂದು. ಇವರು ಅದನ್ನು ನೆಂಟರ ಕಡೆ ದೂಡಿ ತಾವು ಏಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಸಿಪ್ಪೆಯನ್ನು ಮಾತ್ರ ಕೂತಲ್ಲೇ ಉಗುಳುತ್ತಾರೆ, ನಿನ್ನೆ ಅದಕ್ಕೇ ಜಗಳ.